ನೀರ ಮೇಲೊಂದು ಗೇಣು

ಆ ಊರಿನಲ್ಲಿ ಕುರ್ಚಿಯ ಮೇಲೆ ಕೂತವರೆಲ್ಲ ಒಂದಲ್ಲ ಒಂದು ದಿನ ಕುರ್ಚಿಯಮ್ಮನ ಕೈಕೆಲಸದ ಮೇಲೆ ಕೂತವರೇ. ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಕೆನ್ನೆ ಹಿಡಿದುಕೊಂಡು ಕಾಯುವವರು, ಕ್ಷೌರದಂಗಡಿಯಲ್ಲಿ ಹಳೇ ಪೇಪರು ತಿರುವುತ್ತ ಸರದಿ ನೋಡುವವರು, ಗ್ರಂಥಾಲಯದ ಕಿಟಕಿ ಪಕ್ಕ ಓದುವ ನೆಪದಲ್ಲಿ ತೂಕಡಿಸುವವರು, ಇವರೆಲ್ಲರ ಭಾರ ಹೊತ್ತಿದ್ದು ಅವಳು ಹೆಣೆದ ಜೊಂಡಿನ ಆಸನಗಳು. ಕೂತವರಿಗೆ ಅದರ ಪರಿವೆ ಇರಲಿಲ್ಲ. ಮುರಿದು ಬಿದ್ದಾಗಷ್ಟೇ ಜನಕ್ಕೆ ಕುರ್ಚಿಯ ನೆನಪಾಗುವುದು, ಅವಳ ಕುರ್ಚಿಗಳೋ ಬೀಳುತ್ತಲೇ ಇರಲಿಲ್ಲ.

ಪರಿವೆ ಇದ್ದದ್ದು ಒಬ್ಬನಿಗೆ, ಅವಳ ಗಂಡನಿಗೆ. ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಊರ ಬಾಯಲ್ಲಿ ಈಗಲೂ ಡ್ರೈವರೇ. ಯಾರ ಮನೆಗೆ ಹೋದರೂ ಮೊದಲು ಕುರ್ಚಿಯನ್ನು ತಲೆಕೆಳಗು ಮಾಡಿ ಅಡಿಭಾಗ ನೋಡುವನು, ಆಮೇಲೆ ಕೂರುವನು. "ನೋಡಿ, ನಮ್ಮನೆಯವಳ ಕೆಲ್ಸ. ಮೇಲೆ ಎಷ್ಟು ಅಚ್ಚುಕಟ್ಟೋ ಕೆಳಗೂ ಅಷ್ಟೇ. ಅಡಿ ಯಾರು ನೋಡ್ತಾರೆ ಅಂತ ಕೈಬಿಟ್ಟಿಲ್ಲ," ಎಂದು ಎಲ್ಲರಿಗೂ ತೋರಿಸುವನು. ಸಾವಿನ ಮನೆಗೆ ಹೋದಾಗಲೂ ಒಮ್ಮೆ ಹೀಗೇ ಕುರ್ಚಿ ಎತ್ತಿ ಹೆಂಡತಿಯಿಂದ ಮೊಣಕೈ ತಿವಿಸಿಕೊಂಡಿದ್ದ. ಅವನು ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ ಅವಳು ಅವನ ಸೀಟಿಗೂ ಒಂದು ಜೊಂಡಿನ ಹಾಸು ಹೆಣೆದುಕೊಟ್ಟಿದ್ದಳು. ಡಿಪೋದ ಉಳಿದ ಡ್ರೈವರುಗಳು ಬೆವರಿದ ಬೆನ್ನು ಕೆರೆದುಕೊಳ್ಳುತ್ತ ಇಳಿಯುವಾಗ ಇವನು ಮದುಮಗನ ಹಾಗೆ ಇಳಿಯುತ್ತಿದ್ದ.

ಜೊಂಡು ಎಂದರೆ ನಿಂತ ನೀರು ಕಂಡಲ್ಲೆಲ್ಲ ಹೇಳದೆ ಕೇಳದೆ ಬೆಳೆಯುವ ಕಳೆ ಎಂದೇ ಎಲ್ಲರ ತಿಳಿವಳಿಕೆ. ಅದನ್ನೂ ಯಾರಾದರೂ ನೆಟ್ಟು, ಆರೈಕೆ ಮಾಡಿ, ಕಣ್ಣಿಟ್ಟು ಕಾಯುತ್ತಾರೆ ಎಂದರೆ ನಗುವವರೇ ಹೆಚ್ಚು. ಕುರ್ಚಿಯಮ್ಮ ಶುರು ಮಾಡಿದಾಗಲೂ ನಕ್ಕಿದ್ದರು. ಕುರ್ಚಿ ಹೆಣೆಯುವುದು ಅವಳ ತಾಯಿಯಿಂದ ಬಂದ ಕೆಲಸ. ತಾಯಿಯ ಕಾಲದಲ್ಲಿ ಒಣಗಿಸಿದ ಜೊಂಡಿನ ಕಟ್ಟುಗಳನ್ನು ವ್ಯಾಪಾರಿಯೊಬ್ಬ ಗಾಡಿಯಲ್ಲಿ ತಂದು ಬಾಗಿಲಿಗೆ ಇಳಿಸಿ ಹೋಗುತ್ತಿದ್ದ. ಆಮೇಲೆ ಪ್ಲಾಸ್ಟಿಕ್ ಪಟ್ಟಿ ಬಂತು, ವ್ಯಾಪಾರಿ ಬರುವುದು ನಿಂತಿತು. ಅವಳೂ ಕೆಲವು ಕಾಲ ಪ್ಲಾಸ್ಟಿಕ್ ಹೆಣೆದು ನೋಡಿದಳು. "ಬೇಸಿಗೇಲಿ ಅದರ ಮೇಲೆ ಕೂತೋನು ಎದ್ದರೆ ಕುರ್ಚೀನೂ ಜೊತೇಲೇ ಏಳತ್ತೆ," ಎಂದು ಆ ಸಹವಾಸ ಬಿಟ್ಟಳು.

ಊರಾಚೆ ಒಂದು ಹಳೇ ಇಟ್ಟಿಗೆ ಗೂಡು ಇತ್ತು. ಗೂಡಿನವರು ಮಣ್ಣು ತೆಗೆದೂ ತೆಗೆದೂ ಒಂದು ಅಗಲವಾದ ಗುಂಡಿ ಉಳಿದಿತ್ತು. ಮಳೆನೀರು ತುಂಬಿ ಅದು ಕೊಳವೇ ಆಗಿಹೋಗಿತ್ತು. ಅಂಚಿನಲ್ಲಿ ಮೊಣಕಾಲುದ್ದ, ನಡುವೆ ಸೊಂಟದಷ್ಟು ನೀರು, ತಳದಲ್ಲಿ ಬೆಣ್ಣೆಯಂಥ ಜೇಡಿ ಕೆಸರು. ಗೂಡು ಮುಚ್ಚಿದ ಯಜಮಾನ, "ಆ ಗುಂಡೀಲಿ ಏನಾದ್ರೂ ಮಾಡ್ಕೋ ತಾಯಿ, ನನಗಂತೂ ಬೇಡ," ಎಂದಿದ್ದ. ಅವಳು ರೈಲು ಹಳಿ ಪಕ್ಕದ ಹಳ್ಳದಿಂದ ಒಂದು ಬುಟ್ಟಿ ಜೊಂಡಿನ ಬೇರುಗಡ್ಡೆ ಕಿತ್ತು ತಂದು ಕೊಳದ ನಟ್ಟನಡುವೆ ನೆಟ್ಟಳು. ಆ ವರ್ಷ ಬಾತುಕೋಳಿಗಳು ಚಿಗುರನ್ನೆಲ್ಲ ತಿಂದು ಮುಗಿಸಿದವು. ಮತ್ತೆ ತಂದಳು, ಮತ್ತೆ ನೆಟ್ಟಳು. ಈ ಸಲ ನೀರು ಹೆಚ್ಚಾಗಿ ಕೊಳೆಯಿತು. ಅವಳ ನಾದಿನಿ, "ಅತ್ತಿಗೆಗೆ ಬೇರೆ ಕೆಲಸ ಇಲ್ಲ, ಹುಲ್ಲು ಸಾಕ್ತಾ ಇದ್ದಾಳೆ," ಎಂದು ಬೀದಿಗೆಲ್ಲ ಸಾರಿದಳು. ಕುರ್ಚಿಯಮ್ಮ ಮೂರನೆಯ ಬುಟ್ಟಿ ಹೊತ್ತು ತಂದಳು. ಆ ಬುಟ್ಟಿಯ ಗಡ್ಡೆ ಬೇರು ಹಿಡಿಯಿತು. ವರ್ಷ ವರ್ಷವೂ ನಡುವಿನಿಂದ ಅಂಚಿಗೆ ಹಬ್ಬುತ್ತ ಹಬ್ಬುತ್ತ, ಅವಳ ಮಗಳು ಶಾಲೆ ಮುಗಿಸಿ, ಮದುವೆಯಾಗಿ ಹೋಗುವಷ್ಟರಲ್ಲಿ ಕೊಳ ತುಂಬ ಜೊಂಡು ಆಳೆತ್ತರ ನಿಂತಿತ್ತು.

ಒಮ್ಮೆ ನೆಟ್ಟರೆ ಮತ್ತೆ ಮತ್ತೆ ಬರುವ ಗಿಡ ಅದು. ಆದರೆ ತಾನಾಗಿ ಬರುತ್ತದೆಂದು ಸುಮ್ಮನೆ ಬಿಟ್ಟರೆ ಬೇರು ಬೇರನ್ನೇ ತುಳಿದು ದಂಟು ಕಡ್ಡಿಯಾಗುತ್ತದೆ. ಅವಳು ಚಳಿ ಮುಗಿಯುವ ಹೊತ್ತಿಗೆ ಸತ್ತ ಒಣ ದಂಟುಗಳನ್ನು ಎತ್ತಿ ತೆಗೆಯುವಳು, ನೀರ ಮೇಲಿನ ಹಸಿರು ಪಾಚಿಯನ್ನು ಹಳೇ ಸೀರೆಯಲ್ಲಿ ಸೋಸುವಳು, ದಟ್ಟಣೆಯಾದಲ್ಲಿ ಬೇರು ಬಿಡಿಸಿ ತೆರಪು ಮಾಡುವಳು. ಬಿಸಿಲುಕಾಲದಲ್ಲಿ ಕೆಸರು ಬಾಯಿ ಬಿಡದ ಹಾಗೆ ನೋಡಿಕೊಳ್ಳುವಳು. ದಂಟು ಪೂರಾ ಬೆಳೆದು ತುದಿಯಲ್ಲಿ ಕಂದು ಹೂ ಬಿಡುವಾಗ ಕೊಯ್ಲು. ಕೊಯ್ದದ್ದನ್ನು ಹಿತ್ತಲಿನ ಚಪ್ಪರದ ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಬಣ್ಣ ಹೋಗಿ ಬೂದಿಯಾಗುತ್ತದೆ. ಹೆಣೆಯುವ ಹಿಂದಿನ ಸಂಜೆ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ಬೆಳಿಗ್ಗೆ ಒಂದೊಂದೇ ದಂಟನ್ನು ತುದಿಯಿಂದ ಬುಡದವರೆಗೆ ಬಟ್ಟೆಯಲ್ಲಿ ಒತ್ತಿ ಒರೆಸಿದರೆ ಒಳಗಿನ ಗಾಳಿ ಪಟಪಟನೆ ಹೊರಬರುತ್ತದೆ. ಬೆಳಗಿನ ಹೊತ್ತು ಆ ಬೀದಿಯಲ್ಲಿ ಆ ಸದ್ದು ಕೇಳಿದರೆ ಕುರ್ಚಿಯಮ್ಮ ಕೆಲಸಕ್ಕೆ ಕೂತಳೆಂದು ಅರ್ಥ.

ನಿವೃತ್ತನಾದ ಮೇಲೆ ಡ್ರೈವರ್ ಅವಳ ಬೆನ್ನು ಬಿದ್ದ. ಏನಾದರೂ ಕೆಲಸ ಕೊಡು ಎಂದ. ಒಣ ದಂಟು ಹೊರಲು ಹೇಳಿದಳು, ಹೊತ್ತ. ಪಾಚಿ ಸೋಸಲು ಹೇಳಿದಳು, ಕಾಲು ಜಾರಿ ಬಿದ್ದು ಕಪ್ಪೆಗಳನ್ನೆಲ್ಲ ಎಬ್ಬಿಸಿದ. ಅವಳು ಹೆಣೆಯುವುದನ್ನು ಬಾಗಿಲಲ್ಲಿ ಕೂತು ನೋಡುವುದೇ ಅವನಿಗೆ ಎಲ್ಲಕ್ಕಿಂತ ಇಷ್ಟ. ಎರಡು ಮೂರು ದಂಟು ಸೇರಿಸಿ, ಒಂದರ ದಪ್ಪ ಬುಡಕ್ಕೆ ಇನ್ನೊಂದರ ಸಣ್ಣ ತುದಿ ಜೊತೆ ಮಾಡಿ, ಹೊಸೆದು ಹುರಿ ಮಾಡುತ್ತ ಮಾಡುತ್ತಲೇ ಅವಳು ನಾಲ್ಕು ಮೂಲೆಯಿಂದ ಒಳಕ್ಕೆ ಸುತ್ತಿಕೊಂಡು ಬರುವಳು. ಹುರಿ ಎಲ್ಲಿಯೂ ದಪ್ಪವಿಲ್ಲ, ಎಲ್ಲಿಯೂ ಸಣ್ಣವಿಲ್ಲ. ಇಷ್ಟು ವರ್ಷ ತನ್ನ ಜೊತೆ ಉಂಡು ಜಗಳವಾಡಿದ ಹೆಂಗಸಿನ ಬೆರಳುಗಳೇ ಇವು ಎಂದು ಅವನಿಗೆ ಆಗಾಗ ಅಚ್ಚರಿಯಾಗುತ್ತಿತ್ತು.

ಈ ವರ್ಷ ಅವಳ ಬಲಭುಜ ಹಿಡಿದುಕೊಂಡಿತು. ಕೈ ತೊಡೆಯ ಮೇಲಿದ್ದರೆ ನೋವಿಲ್ಲ, ಹೆಣೆಯಬಹುದು. ಎತ್ತಿದರೆ ಜೀವ ಹೋಗುತ್ತಿತ್ತು. ಇನ್ನು ಮೊದಲಿನ ಹಾಗೆ ಆಗಲಿಕ್ಕಿಲ್ಲ ಎಂದರು ಡಾಕ್ಟರು. ಕೊಳದ ದಂಡೆಯಲ್ಲಿ ನಿಂತು ಅವಳು ಗಂಡನಿಗೆ ಹೇಳಿದ್ದು ಇಷ್ಟು: "ಇದು ಇರೋವರೆಗೂ ನನ್ನ ಕೆಲ್ಸ ಇರತ್ತೆ. ಇದೇನಾದ್ರೂ ಹೋದ್ರೆ, ಇನ್ನೊಂದು ಸಲ ಬುಟ್ಟಿ ಹೊತ್ತು ನೆಡೋ ಕೈ ನಂಗೆ ಇಲ್ಲಾರೀ." ಹೇಳುವಾಗ ಅವಳ ದನಿಯಲ್ಲಿ ಅಳುವೇನೂ ಇರಲಿಲ್ಲ.

ಅದೇ ಹೊತ್ತಿಗೆ ಸಂಗೀತ ಶಾಲೆಯಿಂದ ಕೆಲಸ ಬಂತು. ಅವರು ಹೊಸ ಸಭಾಂಗಣ ಕಟ್ಟಿದ್ದರು, ಕುರ್ಚಿಗಳೆಲ್ಲ ಜೊಂಡಿನವೇ ಬೇಕಂತೆ. ಪ್ಲಾಸ್ಟಿಕ್ ಕುರ್ಚಿ ಕಿರುಗುಟ್ಟುತ್ತದೆ, ಹಾಡುವವರ ದನಿ ಕೆಡಿಸುತ್ತದೆ ಎಂದು ಮೇಷ್ಟ್ರ ಹಟ. ಬಡಗಿ ಮಾದರಿಗೆಂದು ಒಂದು ಚೌಕಟ್ಟು ತಂದಿಟ್ಟ. ಸಾಮಾನ್ಯ ಕುರ್ಚಿಗಿಂತ ಅಗಲ. ಅವಳು ಅದರ ಮುಂದಿನ ಪಟ್ಟಿಯ ಮೇಲೆ ಒಂದು ದಂಟು ಇಟ್ಟು ಅಳೆದು, ಉಸ್ಸೆಂದಳು. "ಇನ್ನೊಂದು ಗೇಣು ಉದ್ದ ಇದ್ದಿದ್ರೆ ಮುಂದ್ಗಡೆ ಗಂಟೇ ಬೇಕಿರಲಿಲ್ಲ. ಇರ್ಲಿ, ಗಂಟು ಅಡೀಲಿ ಮರೆಸ್ತೀನಿ."

ತನ್ನಷ್ಟಕ್ಕೆ ಆಡಿದ ಮಾತು. ಆದರೆ ಬಾಗಿಲಲ್ಲಿ ಕೂತವನ ಕಿವಿ ನೆಟ್ಟಗಾಯಿತು. ಇನ್ನೊಂದು ಗೇಣು!

ಅವನು ಅವಳ ಕೊಯ್ಲನ್ನು ಎಷ್ಟೋ ವರ್ಷ ದಂಡೆಯಿಂದ ನೋಡಿದ್ದ. ಅವಳು ಯಾವಾಗಲೂ ನೀರ ಮೇಲೆ ಒಂದು ಗೇಣು ಬುಡ ಬಿಟ್ಟೇ ಕೊಯ್ಯುವಳು. ಕೊಯ್ಲು ಮುಗಿದ ಕೊಳ ಗಡ್ಡ ಬಿಟ್ಟ ಮುಖದ ಹಾಗೆ ಕಾಣುತ್ತಿತ್ತು. ಪಾಪ, ಸೊಂಟ ಬಗ್ಗುವುದಿಲ್ಲ ಅವಳಿಗೆ, ಅದಕ್ಕೇ ಅಷ್ಟು ಬಿಡುತ್ತಾಳೆ ಎಂದು ಅವನು ಅಂದುಕೊಂಡಿದ್ದ. ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ, ತನ್ನನ್ನು ಬಿಟ್ಟು ಇನ್ನೊಬ್ಬರು ಆ ನೀರಿಗಿಳಿದು ಕೊಯ್ಯುವ ಕಾಲ ಬರುತ್ತದೆಂದು ಅವಳಿಗೆ ಹೊಳೆದಿರಲೇ ಇಲ್ಲ. ಈ ವರ್ಷ ಭುಜದ ದೆಸೆಯಿಂದ ಕೊಯ್ಲು ಅವನದೇ ಎಂದು ಮಾತಾಗಿತ್ತು. ನಾನು ಪಕ್ಕದಲ್ಲಿ ನಿಂತು ತೋರಿಸಿಕೊಡುತ್ತೇನೆ ಎಂದೂ ಹೇಳಿದ್ದಳು. ಅಷ್ಟು ತಾಳ್ಮೆ ಡ್ರೈವರಿಗೆ ಎಲ್ಲಿಂದ ಬರಬೇಕು?

ಉಳಿದ ಚೌಕಟ್ಟುಗಳನ್ನು ನೋಡಲು ಅವಳು ಬಡಗಿಯ ಜೊತೆ ಸಂಗೀತ ಶಾಲೆಗೆ ಹೋದ ದಿನ, ಅವನು ಬೆಳಿಗ್ಗೆಯೇ ಪ್ಯಾಂಟು ಮಡಿಚಿ, ಕುಡುಗೋಲು ಹಿಡಿದು ಕೊಳಕ್ಕಿಳಿದ. ನೀರೊಳಗೆ ತೋಳು ಇಳಿಸಿ, ಬುಡ ತಡವಿ, ಕೈಗೆ ಸಿಕ್ಕಷ್ಟು ಕೆಳಗೆ ಕೊಯ್ದ. ಮೇಲೆ ಬಂದ ದಂಟು ನೋಡಿ ಅವನಿಗೇ ಖುಷಿ ತಡೆಯಲಾಗಲಿಲ್ಲ. ಗೇಣಲ್ಲ, ಮೊಳ ಹೆಚ್ಚು! ಬುಡದ ಕಡೆ ಹಾಲಿನಷ್ಟು ಬೆಳ್ಳಗೆ, ನುಣ್ಣಗೆ. ನಡುವಿನಲ್ಲಿ ನೀರು ಸೊಂಟದುದ್ದ ಇದ್ದಲ್ಲಿ ಕೆನ್ನೆ ನೀರಿಗೆ ತಾಗುವವರೆಗೆ ಬಾಗಿ, ಇನ್ನೂ ಕೆಳಗೆ ಕೊಯ್ದ. ಮಧ್ಯಾಹ್ನದ ಊಟ ಮರೆತ. ಒಂದು ಮೂಲೆಯನ್ನೂ ಬಿಡಲಿಲ್ಲ. ಸಂಜೆ ಹೊತ್ತಿಗೆ ಕೊಳ ಕನ್ನಡಿಯ ಹಾಗೆ ಖಾಲಿಯಾಗಿತ್ತು, ದಂಡೆ ತುಂಬ ಕಟ್ಟುಗಳು ಸಾಲಾಗಿ ಮಲಗಿದ್ದವು. ಡ್ರೈವರ್ ಒದ್ದೆ ಬಟ್ಟೆಯಲ್ಲೇ ಕೂತು ಹೆಂಡತಿಯ ದಾರಿ ಕಾದ. ಅವಳ ಮುಖ ಹೇಗೆ ಅರಳುತ್ತದೋ ನೋಡಬೇಕೆಂಬ ಆಸೆಗೆ ಚಳಿಯೂ ಗೊತ್ತಾಗಲಿಲ್ಲ.

ಅವಳು ಬಂದಳು. ಕಟ್ಟುಗಳನ್ನು ನೋಡಿ ಒಂದು ಗಳಿಗೆ ನಿಜವಾಗಿಯೂ ಅವಳ ಮುಖ ಅರಳಿತು. "ಇಷ್ಟುದ್ದ ಎಲ್ಲಿ ಸಿಕ್ತುರೀ?" ಎನ್ನುತ್ತ ಒಂದು ದಂಟು ಎತ್ತಿಕೊಂಡಳು. ತಿರುಗಿಸಿ ಬಿಳೀ ಬುಡ ನೋಡಿದಳು. ಕೊಳದ ಕಡೆ ನೋಡಿದಳು. ನೀರ ಮೇಲೆ ಒಂದೇ ಒಂದು ಬುಡ ತಲೆ ಎತ್ತಿರಲಿಲ್ಲ. ದಂಟು ಅವಳ ಕೈಯಿಂದ ಜಾರಿತು. ಅವಳು ಕೂಗಲಿಲ್ಲ, ಬಯ್ಯಲಿಲ್ಲ. ದಂಡೆಯ ಮೇಲೆ ಕುಸಿದು ಕೂತಳು.

"ಏನಾಯ್ತೇ?" ಎಂದ ಡ್ರೈವರ್.

"ಇದು ಎಲ್ಲಿಂದ ಉಸಿರಾಡತ್ತೆ ಅಂದ್ಕೊಂಡಿದ್ರಿ?"

ಅವನಿಗೆ ಅರ್ಥವಾಗಲಿಲ್ಲ.

"ಬೇರು ಕೆಸರೊಳಗಿರತ್ತೆ. ಅಲ್ಲಿ ಗಾಳಿ ಇಲ್ಲ. ದಂಟಿನೊಳಗೆಲ್ಲ ಗಾಳಿ ತುಂಬಿರತ್ತಲ್ಲ, ಒರೆಸುವಾಗ ಪಟಪಟ ಅನ್ನಲ್ವಾ, ಅದು ಬೇರಿಗೆ ಹೋಗೋ ಗಾಳಿ. ಅದಕ್ಕೇ ನಾನು ಗೇಣು ಬುಡ ನೀರ ಮೇಲೆ ಬಿಡೋದು. ಈಗ ಎಲ್ಲಾ ಬುಡಾನೂ ನೀರೊಳಗೆ ಹೋಯ್ತು."

"ನೀರಲ್ಲೇ ಬೆಳ್ಯೋ ಗಿಡ ಕಣೇ. ನೀರಲ್ಲಿ ಮುಳುಗಿ ಸಾಯತ್ತಾ?"

"ಸಾಯತ್ತೆ," ಎಂದಳು. "ಕೊಳೀತಾ ಕೊಳೀತಾ ಸಾಯತ್ತೆ."

ಡ್ರೈವರಿಗೆ ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಇನ್ನೊಂದು ಸಲ ನೆಡುವ ಕೈ ಇಲ್ಲ ಎಂದವಳ ತೋಟವನ್ನು ಅವಳ ಗಂಡನೇ, ಅವಳಿಗೆ ಸಂತೋಷವಾಗಲಿ ಎಂದು, ಹಾಡುಹಗಲೇ ಕತ್ತು ಹಿಸುಕಿ ಬಂದಿದ್ದ. ಕ್ಷಮೆ ಕೇಳಲು ಬಾಯಿ ತೆರೆದ. ಅವಳು ಎಡಗೈ ಎತ್ತಿ ತಡೆದಳು. ಅವಳ ಕಣ್ಣು ಆಗಲೇ ನೀರಿನ ಮಟ್ಟದ ಮೇಲಿತ್ತು.

"ಅಳೋದು ಆಮೇಲೆ. ಗಿಡ ಮೇಲೆ ಬರಲ್ಲ, ನೀರು ಕೆಳಗೆ ಹೋಗ್ಬೇಕು. ಇವತ್ತೇ ಏನೂ ಸಾಯಲ್ಲ. ಬೆಳಿಗ್ಗೆ ಬೆಳಕಾದ ಕೂಡ್ಲೇ ಬರೋಣ."

ಇಲ್ಲೇ ಅವಳ ಮೇಲೆ ಇದನ್ನು ಹೇಳುತ್ತಿರುವ ನನಗೂ ಗೌರವ ಉಕ್ಕುವುದು. ಬೇರೆ ಯಾರಾದರೂ ಆಗಿದ್ದರೆ ಗಂಡನ ಜನ್ಮ ಜಾಲಾಡಿ, ಅದೇ ಹೊತ್ತಿನಲ್ಲಿ ಗಿಡವನ್ನೂ ಕಳೆದುಕೊಳ್ಳುತ್ತಿದ್ದರು. ಅವಳಿಗೆ ಸಿಟ್ಟು ಬಂದಿರಲಿಲ್ಲ ಎಂದಲ್ಲ, ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ಅವನಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು. ಆದರೆ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಎಂಬುದು ಅವಳಿಗೆ ಗೊತ್ತಿತ್ತು.

ಬೆಳಿಗ್ಗೆ ತೊಡಕು ಬೇರೆಯೇ ಎದುರಾಯಿತು. ಕೊಳಕ್ಕೆ ತೂಬು ಇರಲಿಲ್ಲ. ದಂಡೆ ಒಡೆದರೆ ನೀರೆಲ್ಲ ಒಂದೇ ಸಲ ಹೋಗಿ ಕೆಸರು ಒಣಗಿ ಬಿರಿಯುತ್ತದೆ. ಮುಳುಗಿ ಸಾಯುವುದರ ಬದಲು ಒಣಗಿ ಸಾಯುತ್ತದೆ, ಅಷ್ಟೇ. ಬುಡಗಳು ನೀರಿಂದ ಹೊರಗೆ ಬರಬೇಕು, ಕಾಲು ಮಾತ್ರ ಒದ್ದೆ ಇರಬೇಕು. ಬಕೆಟಿನಲ್ಲಿ ಎತ್ತಿ ಚೆಲ್ಲುವಷ್ಟು ಸಣ್ಣ ಕೊಳವಲ್ಲ. ಪಕ್ಕದ ತಗ್ಗಿನಲ್ಲಿ ಗಿಡ ಮಾರುವ ನರ್ಸರಿಯವನಿದ್ದ. ಅವನ ಪಂಪಿಗೆ ಕೊಳದವರೆಗೆ ಕರೆಂಟಿರಲಿಲ್ಲ. "ಆದ್ರೆ ಪೈಪುಗಳಿವೆ. ಬೇಕಾದಷ್ಟು ತಗೊಳ್ಳಿ, ನೀರು ನನ್ನ ತೊಟ್ಟಿಗೇ ಬರ್ಲಿ," ಎಂದ.

ಪೈಪು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ರಾತ್ರಿಯಿಂದ ಹಿಂಡಿದ ಬಟ್ಟೆಯಂತಿದ್ದ ಡ್ರೈವರ್ ಎದ್ದು ನಿಂತ. ದಾರಿಯಲ್ಲಿ ಡೀಸೆಲ್ ಮುಗಿದ ಬಸ್ಸಿಗೆ ಇನ್ನೊಂದು ಬಸ್ಸಿನ ಟ್ಯಾಂಕಿನಿಂದ ಪೈಪು ಇಳಿಸಿ, ಬಾಯಲ್ಲಿ ಎಳೆದು, ಎಣ್ಣೆ ದಾಟಿಸಿದವನು ಅವನು. ಒಂದು ತುದಿ ಎತ್ತರದಲ್ಲಿ ಮುಳುಗಿರಬೇಕು, ಇನ್ನೊಂದು ತುದಿ ತಗ್ಗಿನಲ್ಲಿರಬೇಕು, ನಡುವೆ ಗಾಳಿ ಇರಬಾರದು. ಇಷ್ಟೇ ತಾನೇ! ನರ್ಸರಿಯ ಪೈಪುಗಳನ್ನೆಲ್ಲ ದಂಡೆಯ ಮೇಲಿಂದ ಹಾಯಿಸಿ, ತಗ್ಗಿನಲ್ಲಿ ಮಂಡಿಯೂರಿ ಕೂತು ಒಂದೊಂದಕ್ಕೂ ಬಾಯಿ ಹಚ್ಚಿ ಎಳೆದ. ಮೊದಲನೆಯದರಲ್ಲಿ ಬರೀ ಗಾಳಿ. ಮತ್ತೆ ಎಳೆದ, ಕೆನ್ನೆ ಬಾವಿಯಾಯಿತು, ಕಣ್ಣು ಹೊರಬಂತು. ಮೂರನೆಯ ಸಲಕ್ಕೆ ಕೊಳದ ನೀರು ಭಗ್ಗನೆ ಬಾಯಿಗೆ ನುಗ್ಗಿತು. ಕೆಮ್ಮಿ, ಉಗಿದು, ಬಾಯಿ ಒರೆಸಿಕೊಂಡ.

"ಡೀಸೆಲ್ ಆಗಿದ್ರೆ ವಾರವಿಡೀ ಊಟ ರುಚಿಸ್ತಿರಲಿಲ್ಲ. ಇದು ಬರೀ ಕಪ್ಪೆ ಸ್ನಾನದ ನೀರು," ಎಂದ.

ಅವಳು ನಗಲಿಲ್ಲ. ಆದರೆ ಮುಂದಿನ ಪೈಪಿನ ತುದಿಯನ್ನು ತಾನೇ ಎಡಗೈಯಲ್ಲಿ ಹಿಡಿದು ನೀರಲ್ಲಿ ಮುಳುಗಿಸಿ ನಿಂತಳು.

ನೀರು ಇಳಿಯತೊಡಗಿತು. ಅಂಚಿನಲ್ಲಿ ಮೊದಲ ಬುಡಗಳು ಕಾಣಿಸಿಕೊಂಡಾಗ ಡ್ರೈವರ್ ಮಗುವಿನಂತೆ ಕೂಗಿಕೊಂಡ. ಒಂದೊಂದು ಸಾಲಾಗಿ ಹೊರಬಂದವು, ಬೆಳ್ಳಗಿನ ಕೊಯ್ದ ಬಾಯಿಗಳು ಆಕಾಶ ನೋಡಿಕೊಂಡು. ಅವನು ಪೈಪಿನಿಂದ ಪೈಪಿಗೆ ಓಡಾಡಿದ. ನಡುವಿನ ಭಾಗ ಮಾತ್ರ ಇನ್ನೂ ನೀರಲ್ಲೇ ಇತ್ತು. ಅಲ್ಲಿ ಅವನು ಕೆನ್ನೆ ತಾಗಿಸಿ ಕೊಯ್ದಿದ್ದನಲ್ಲ.

"ಸಾಕು, ನಿಲ್ಸಿ," ಎಂದಳು.

"ನಡುವಿಂದು ಇನ್ನೂ ಬಂದಿಲ್ವಲ್ಲೇ!"

"ಅದು ಬರೋ ಹೊತ್ತಿಗೆ ಅಂಚಿಂದು ಒಣಗಿಹೋಗತ್ತೆ. ಆ ಕಡೆ ನೋಡಿ, ಕೆಸರು ಆಗ್ಲೇ ಬಿಗಿ ಹಿಡೀತಾ ಇದೆ."

"ನಡುವಿಂದು ನೀನು ಮೊದಲು ನೆಟ್ಟಿದ್ದು. ಎಲ್ಲಾ ಅಲ್ಲಿಂದ್ಲೇ ಬಂದಿದ್ದು. ಇನ್ನು ಸ್ವಲ್ಪ, ಒಂದೇ ಒಂದು ಗೇಣು..."

"ರೀ." ಅವಳ ದನಿ ಒಡೆಯಿತು. "ನಂಗೊತ್ತಿಲ್ವಾ ಅದು? ಪೈಪು ಎತ್ತಿ."

ಅವನು ಎತ್ತಿದ. ಒಂದೊಂದು ಪೈಪು ಎತ್ತುವಾಗಲೂ ಅವಳು ನಡುವಿನ ನೀರನ್ನೇ ನೋಡುತ್ತಿದ್ದಳು. ಕಣ್ಣು ತುಂಬಿ ಹರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ತನ್ನ ಹೊಟ್ಟೆಯ ಕೂಸಿನಂಥದ್ದನ್ನು ಬಿಟ್ಟುಕೊಟ್ಟು ಅದರ ಮಕ್ಕಳನ್ನು ಉಳಿಸಿಕೊಳ್ಳುವ ಲೆಕ್ಕ ಹಾಕುವುದು ಎಲ್ಲರ ಎದೆಗೆ ಆಗುವ ಕೆಲಸವಲ್ಲ. ಡ್ರೈವರಿಗೆ ಅವಳ ಮುಖ ನೋಡುವ ಧೈರ್ಯ ಬರಲಿಲ್ಲ.

ಆಮೇಲಿನ ದಿನಗಳಲ್ಲಿ ಅವನು ಕೊಳದ ಕಾವಲುಗಾರನಾದ. ಮಳೆ ಬಂದು ನೀರು ಏರಿದರೆ ಪೈಪಿಗೆ ಬಾಯಿ ಹಚ್ಚುವನು, ಬಿಸಿಲಿಗೆ ಇಳಿದರೆ ನರ್ಸರಿಯ ತೊಟ್ಟಿಯಿಂದ ಬಕೆಟಿನಲ್ಲಿ ಹೊತ್ತು ತಂದು ವಾಪಸು ಸುರಿಯುವನು. ಬೀದಿಯವರು, "ಏನ್ ಡ್ರೈವರೇ, ಬೆಳಿಗ್ಗೆ ಕುಡಿದ ನೀರನ್ನ ಸಂಜೆ ವಾಪಸ್ ಕೊಡ್ತೀರಂತೆ?" ಎಂದು ಛೇಡಿಸಿದರು. ಮೊದಲಾಗಿದ್ದರೆ ಒಂದಕ್ಕೆ ಎರಡು ಉತ್ತರ ಕೊಡುತ್ತಿದ್ದವನು ಈಗ ಬಾಯಿಗೆ ಬೀಗ ಹಾಕಿಕೊಂಡು ನಡೆದ.

ಇತ್ತ ದಂಟುಗಳು ಚಪ್ಪರದ ನೆರಳಿನಲ್ಲಿ ಒಣಗಿದವು. ಕುರ್ಚಿಯಮ್ಮ ಕೆಲಸಕ್ಕೆ ಕೂತಳು. ಮುಂದಿನ ಪಟ್ಟಿಗೆ ಗಂಟಿಲ್ಲದೆ, ಒಂದೇ ಎಳೆ ಆ ಮೂಲೆಯಿಂದ ಈ ಮೂಲೆಗೆ ಹರಿದು ಬಂತು. ಬುಡದ ಬಿಳಿ ನಿಧಾನಕ್ಕೆ ಹೊನ್ನಿನ ಬಣ್ಣಕ್ಕೆ ತಿರುಗಿ, ಪ್ರತಿಯೊಂದು ಆಸನದ ಅಂಚಿಗೂ ತಾನಾಗಿಯೇ ಒಂದು ಹೊಳೆಯುವ ಗೆರೆ ಬಿತ್ತು. ಅಂಥ ಕುರ್ಚಿಗಳನ್ನು ಅವಳೂ ಅಲ್ಲಿಯವರೆಗೆ ಮಾಡಿರಲಿಲ್ಲ. ಡ್ರೈವರ್ ಬಾಗಿಲಲ್ಲಿ ಕೂರುವುದನ್ನು ಬಿಟ್ಟಿದ್ದ. ಆ ಪಟಪಟ ಸದ್ದು ಶುರುವಾದ ಕೂಡಲೇ ಮೆಲ್ಲಗೆ ಎದ್ದು ಹೊರಗೆ ಹೋಗುವನು.

ಕುರ್ಚಿಗಳನ್ನು ತಲುಪಿಸಿದ ದಿನ ಸಂಗೀತ ಮೇಷ್ಟ್ರು ಒಂದೊಂದರ ಮೇಲೂ ಕೈಯಾಡಿಸಿದರು. "ಎಲ್ಲೂ ಗಂಟೇ ಸಿಗ್ತಿಲ್ವಲ್ಲಮ್ಮಾ! ಇಷ್ಟುದ್ದದ ಜೊಂಡು ಎಲ್ಲಿಂದ ತಂದ್ರಿ?"

"ಕೊಯ್ದಿದ್ದು ಇವ್ರು," ಎಂದು ಗಂಡನನ್ನು ತೋರಿಸಿದಳು.

ಮೇಷ್ಟ್ರು ಅವನ ಕೈ ಕುಲುಕಿದರು. ಡ್ರೈವರ್ ಇಂಗು ತಿಂದ ಮಂಗನ ಹಾಗೆ ನಿಂತ. ವಾಪಸು ಬರುವಾಗ ದಾರಿಯಲ್ಲಿ ತಡೆಯಲಾರದೆ ಕೇಳಿದ. "ನನ್ನ ಚುಚ್ಚೋಕೆ ಹಾಗಂದ್ಯಾ?"

"ಇದ್ದದ್ದು ಹೇಳಿದೆ." ಅವಳು ಹೆಜ್ಜೆ ನಿಧಾನ ಮಾಡಿದಳು. "ಆ ದಂಟು ಕೈಗೆ ತಗೊಂಡಾಗೆಲ್ಲ ಸಿಟ್ಟು ಬರ್ತಿತ್ತು. ಹೆಣೀತಾ ಹೆಣೀತಾ ಸಂತೋಷಾನೂ ಆಗ್ತಿತ್ತು. ಎಂಥಾ ಮುದ್ದಾಗಿ ಬಂತು ಗೊತ್ತಾ? ಸಂತೋಷ ಆಗ್ತಿದ್ಯಲ್ಲ ಅಂತ ಇನ್ನೂ ಸಿಟ್ಟು ಬರ್ತಿತ್ತು." ಅಂದು ಅವಳು ಅವನ ಜೊತೆಗೇ ಹೆಜ್ಜೆ ಹಾಕಿದಳು.

ಚಳಿ ಹೋಗಿ ಬಿಸಿಲು ಏರುತ್ತಿದ್ದಂತೆ ಅಂಚಿನಲ್ಲಿ ಹಸಿರು ಮೊಳಕೆಗಳು ನೀರು ಸೀಳಿಕೊಂಡು ಬಂದವು. ಮೊದಲಿನಷ್ಟು ದಟ್ಟವಿಲ್ಲ, ಅಲ್ಲೊಂದು ಇಲ್ಲೊಂದು. ಆದರೂ ಜೀವವಿತ್ತು. ನಡುವೆ ಮಾತ್ರ ಏನೂ ಬರಲಿಲ್ಲ. ಡ್ರೈವರ್ ಒಳಗೆ ಹೋಗಿ ಒಂದು ಬೇರುಗಡ್ಡೆ ಎಳೆದ. ಕೊಳೆತ ಗೆಣಸಿನ ಹಾಗೆ ಕರ್ರಗೆ ಕೈಯಲ್ಲೇ ಕರಗಿತು, ನಾತ ಮೂಗಿಗೆ ಬಡಿಯಿತು. ಅವಳಿಗೆ ತೋರಿಸದೆ ಅಲ್ಲೇ ಬಿಟ್ಟ. ದಂಡೆಯ ಮೇಲೆ ನಿಂತ ಅವಳಿಗೆ ಅಲ್ಲಿಂದಲೇ ಗೊತ್ತಾಯಿತು.

"ಅದನ್ನೆಲ್ಲ ತೆಗೆದು ಹೊರಗೆ ಹಾಕಿ," ಎಂದಳು. "ಅಂಚಲ್ಲಿ ಗಟ್ಟಿಯಾಗಿರೋದು ನೋಡ್ಕೊಂಡು ಒಂದಿಷ್ಟು ಗಡ್ಡೆ ಕೀಳಿ. ದಂಟಿನ ಸಮೇತ."

"ಉಳಿದಿರೋದನ್ನೂ ಕೀಳೋದಾ?"

"ಕೀಳದೆ ನೆಡೋದು ಹೇಗೆ?"

ನೆಡುವುದು. ಆ ಮಾತು ಅವಳ ಬಾಯಿಂದಲೇ ಬಂದದ್ದು ಕೇಳಿ ಅವನು ಬಗ್ಗಿದ. ಕೊಳೆತದ್ದನ್ನು ತೆಗೆದು ಮುಗಿಸಲು ಎಷ್ಟೋ ದಿನ ಹಿಡಿಯಿತು. ಆಮೇಲೆ ಅವಳು ದಂಡೆಯಲ್ಲಿ ಕೂತು ಒಂದೊಂದು ಗಡ್ಡೆಯನ್ನೂ ಮೂಸಿ, ಒತ್ತಿ ನೋಡಿ, ಮೊಳಕೆ ಇದ್ದದ್ದನ್ನಷ್ಟೇ ಬುಟ್ಟಿಗೆ ಹಾಕಿದಳು. ಅವನು ಬುಟ್ಟಿ ಹೊತ್ತು ನಡುವಿಗೆ ಹೋದ.

"ಓರೆಯಾಗಿಡಿ. ಮೊಳಕೆ ಮೇಲಕ್ಕೆ. ಹಾಗಲ್ಲ, ಅಷ್ಟು ಆಳ ಬೇಡ! ಹಳೇ ದಂಟಿನ ತುದಿ ನೀರ ಮೇಲಿರ್ಲಿ. ಅಯ್ಯೋ, ಗಿಡ ಕಣ್ರೀ ಅದು, ಗೇರ್ ಅಲ್ಲ, ಮೆತ್ತಗೆ!"

"ಇಲ್ಲಿ ಬಂದು ನೀನೇ ಮಾಡು ಹಾಗಾದ್ರೆ!" ಎಂದುಬಿಟ್ಟ ಡ್ರೈವರ್. ಬೆನ್ನು ಬಿದ್ದುಹೋಗುವಂತಿತ್ತು, ಬಾಯಿ ಜಾರಿತು. ಅಂದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡ.

ಕುರ್ಚಿಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರಿಗೆ ಇಳಿದೇಬಿಟ್ಟಳು.

"ಏ, ನೀನ್ಯಾಕೆ ಬಂದ್ಯೇ? ಭುಜ..."

"ತುಳಿಯೋಕೆ ಭುಜ ಬೇಡ," ಎಂದು ಅವನು ಇಟ್ಟ ಗಡ್ಡೆಯ ಬುಡಕ್ಕೆ ಪಾದ ಒತ್ತಿ, ಹಿಮ್ಮಡಿಯಿಂದ ಕೆಸರು ಮುಚ್ಚಿದಳು. "ಹೂಂ, ಮುಂದಿಂದು ಇಡಿ."

ಅವನು ಇಟ್ಟ, ಅವಳು ತುಳಿದಳು. ಅವಳ ಎಡಗೈ ಅವನ ಬೆನ್ನ ಮೇಲೆ ಆನಿಕೊಂಡಿತ್ತು, ಜಾರದಿರಲೆಂದು. ಬುಟ್ಟಿ ಖಾಲಿಯಾಗುತ್ತ ಬಂತು. ನೀರ ಮೇಲೆ ಗಿಡ್ಡ ಗಿಡ್ಡ ದಂಟುಗಳ ಸಾಲು ವಕ್ರವಕ್ರವಾಗಿ ನಿಂತಿತು. ಡ್ರೈವರ್ ಸೊಂಟ ನೇರ ಮಾಡಿ ಅದನ್ನು ನೋಡಿದ. ಇಷ್ಟು ನೆಟ್ಟರೂ ನಡುವಿನ ಬಹುಪಾಲು ಖಾಲಿಯೇ ಉಳಿದಿತ್ತು.

"ಇದು ಮೊದಲಿನ ಹಾಗೆ ತುಂಬೋಕೆ ಎಷ್ಟು ವರ್ಷ ಬೇಕು?"

"ನಾಲ್ಕೋ ಐದೋ."

"ಅಷ್ಟು ವರ್ಷ ನಾವಿಬ್ರೂ ಇರ್ತೀವೇನೇ?"

"ನನ್ನ ಕೇಳಿದ್ರೆ? ಆದ್ರೆ ನೀವಂತೂ ಇರ್ಲೇಬೇಕು," ಎಂದಳು, ಇನ್ನೊಂದು ಗಡ್ಡೆಯನ್ನು ತುಳಿಯುತ್ತ. "ಕೊಯ್ಯೋರು ಯಾರು ಮತ್ತೆ?"

"ನಾನಾ?" ಅವನು ತಿರುಗಿ ಅವಳನ್ನು ನೋಡಿದ. "ಇಷ್ಟಾದ ಮೇಲೂ ನನ್ನ ಕೈಗೆ ಕೊಡ್ತೀಯಾ?"

"ಎಲ್ಲಿ ಕೊಯ್ಯಬಾರದು ಅಂತ ಈ ಊರಲ್ಲಿ ನಿಮ್ಮಷ್ಟು ಚೆನ್ನಾಗಿ ಇನ್ಯಾರಿಗೆ ಗೊತ್ತಿದೆ?"

ಡ್ರೈವರ್ ಗಬಕ್ಕನೆ ಬಗ್ಗಿ, ಎರಡೂ ಕೈಯಲ್ಲಿ ನೀರು ಮೊಗೆದು ಮುಖಕ್ಕೆ ಎರಚಿಕೊಂಡ. ಮತ್ತೆ ಮೊಗೆದು ಮತ್ತೆ ಎರಚಿಕೊಂಡ.

"ಕೆಸರು ನೀರು ಕಣ್ರೀ ಅದು," ಎಂದಳು ಕುರ್ಚಿಯಮ್ಮ.

"ಗೊತ್ತು," ಎಂದ.